ಸರ್ವೀಸ್ ಆದ ಮೂರನೆಯ ದಿನ ಹೊತ್ತಿಕೊಂಡ ಹಳದಿ ದೀಪ ಮತ್ತು ₹850ರ ಒಂದು ಸ್ಕ್ಯಾನರ್

ಬೆಂಕಿಪೊಟ್ಟಣಕ್ಕಿಂತ ತುಸುವೇ ದೊಡ್ಡದಾದ, ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಜಿನ್ನಿನ ದೋಷದ ಕೋಡನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ಸ್ಕ್ಯಾನರೊಂದನ್ನು ನಾನು ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ₹850 ಕೊಟ್ಟು ಕೊಂಡು ಹನ್ನೊಂದು ತಿಂಗಳಾಯಿತು. ಅದರ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಇದೇ ವಸ್ತು ನೀಲಿ, ಕಪ್ಪು, ಅರೆಪಾರದರ್ಶಕ ಎಂದು ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಆದ್ದರಿಂದ ಇದು ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ, ಆ ಜಾತಿಯ ಉಪಕರಣದ ವಿಮರ್ಶೆ. ನಾನು ಅದನ್ನು ಏಕೆ ಕೊಳ್ಳಬೇಕಾಯಿತು ಎಂಬುದನ್ನು ಹೇಳದೆ ಗುಣದೋಷ ಮಾತ್ರ ಹೇಳಿದರೆ ಓದುವವರಿಗೆ ಉಪಯೋಗವಾಗುವುದಿಲ್ಲ ಎಂದು ಮೊದಲಿನಿಂದಲೇ ಬರೆಯುತ್ತಿದ್ದೇನೆ.

ನಮ್ಮದು 2020ರ ಕೊನೆಯಲ್ಲಿ ಕೊಂಡ, ಬಿಎಸ್6 ಹೊಗೆ ನಿಯಮದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬನಶಂಕರಿ ಎರಡನೇ ಹಂತದ ಮನೆಯಿಂದ ಮಲ್ಲೇಶ್ವರದಲ್ಲಿರುವ ಕೆಲಸಕ್ಕೆ ದಿನವೂ ಅದರಲ್ಲೇ ಓಡಾಡುತ್ತೇನೆ. ಶನಿವಾರ ತುಮಕೂರಿನಲ್ಲಿರುವ ತಾಯಿಯನ್ನು ನೋಡಲು ಹೋಗುತ್ತೇನೆ. ಆ ಗುರುವಾರ ವರ್ಷದ ಸರ್ವೀಸಿಗೆಂದು ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿಗೆ ಬಿಟ್ಟಿದ್ದೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎ.ಸಿ. ಫಿಲ್ಟರ್ ಬದಲಾಯಿಸಿ, ಬ್ರೇಕ್ ಪ್ಯಾಡುಗಳನ್ನು ಬಿಚ್ಚಿ ತೊಳೆದು, ಸರ್ವೀಸ್ ಅಡ್ವೈಸರ್ ಶಿಫಾರಸಿನಂತೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಕ್ಲೀನಿಂಗ್ ಕೂಡ ಮಾಡಿಸಿದ್ದಾಯಿತು. ಬಿಲ್ಲು ₹8,640. ಸಂಜೆ ಗಾಡಿ ಕೊಡುವಾಗ ಯಾವ ದೀಪವೂ ಉರಿಯುತ್ತಿರಲಿಲ್ಲ, ಶುಕ್ರವಾರವೂ ಇರಲಿಲ್ಲ. ಶನಿವಾರ ಬೆಳಿಗ್ಗೆ ನೈಸ್ ರಸ್ತೆ ಹಿಡಿದು ಮಾದಾವರದ ಬಳಿ ತುಮಕೂರು ರಸ್ತೆಗೆ ಸೇರಿ, ನೆಲಮಂಗಲದ ಹತ್ತಿರ ಟೋಲಿನ ಸಾಲಿನಲ್ಲಿ ನಿಂತಿದ್ದಾಗ, ಮೀಟರಿನ ಎಡಮೂಲೆಯಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು.

ರಸ್ತೆಯಲ್ಲಿ ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬಹಳವಿಲ್ಲ, ಆದರೆ ಮಾಡಲೇಬೇಕಾದದ್ದಿದೆ. ಕೆಂಪು ದೀಪವಾಗಿದ್ದರೆ, ಅಂದರೆ ಆಯಿಲ್ ಪ್ರೆಷರ್ ಅಥವಾ ಎಂಜಿನ್ ಬಿಸಿಯ ಸೂಚನೆಯಾಗಿದ್ದರೆ, ಗಾಡಿಯನ್ನು ಬದಿಗೆ ತಂದು ಎಂಜಿನ್ ನಿಲ್ಲಿಸಬೇಕು. ಅಲ್ಲಿ ಎರಡನೆಯ ಮಾತಿಲ್ಲ. ಹಳದಿ ಎಂಜಿನ್ ದೀಪ ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು ಆ ದುಬಾರಿ ಭಾಗವನ್ನೇ ಸುಡಬಹುದಾದ್ದರಿಂದ ಆಗಲೂ ಓಡಿಸಬಾರದು. ನನ್ನದು ಸ್ಥಿರವಾಗಿ ಉರಿಯುತ್ತಿತ್ತು, ಬಿಸಿಯ ಮುಳ್ಳು ನಡುವೆಯೇ ಇತ್ತು, ಎಳೆತದಲ್ಲಿ ವ್ಯತ್ಯಾಸವಿರಲಿಲ್ಲ. ಆದರೂ ಟೋಲ್ ದಾಟಿದ ಮೇಲೆ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ಗಟ್ಟಿಯಾಗಿ ಕೂತಿದೆಯೇ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಪೂರ್ತಿ ಒಳಗೆ ಹೋಗಿದೆಯೇ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳೆಲ್ಲ ಬಿಗಿಯಾಗಿವೆಯೇ ಎಂದು ನೋಡಿದೆ. ಸರ್ವೀಸಿನಲ್ಲಿ ಕೈಯಾಡಿಸಿದ ಜಾಗಗಳಲ್ಲಿ ಕಣ್ಣಿಗೆ ಸುಲಭವಾಗಿ ಕಾಣುವುದು ಇಷ್ಟೇ, ಮತ್ತು ಇವುಗಳಲ್ಲಿ ಯಾವುದು ಸಡಿಲವಾದರೂ ಅನೇಕ ಕಾರುಗಳಲ್ಲಿ ಇದೇ ದೀಪ ಹೊತ್ತಿಕೊಳ್ಳುತ್ತದೆ. ಎಲ್ಲವೂ ಸರಿಯಾಗಿತ್ತು. ನಿಧಾನವಾಗಿ ತುಮಕೂರಿಗೆ ಹೋಗಿ, ಸಂಜೆ ಅದೇ ವೇಗದಲ್ಲಿ ವಾಪಸಾದೆ.

ಸೋಮವಾರ ಸರ್ವೀಸ್ ಸೆಂಟರಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಸೆಂಟರಿನ ಹೆಸರು ಬರೆಯುವುದಿಲ್ಲ, ಏಕೆಂದರೆ ಬೇರೆ ಕಂಪನಿಗಳ ಕಾರುಗಳಿರುವ ನನ್ನ ಇಬ್ಬರು ಸಹೋದ್ಯೋಗಿಗಳಿಗೂ ಬೇರೆ ಕಡೆಗಳಲ್ಲಿ ಇದೇ ಅನುಭವವಾಗಿದೆ. ದೂರು ಇರುವುದು ಕೆಲಸದ ರೀತಿಯ ಮೇಲೆ. ಅಡ್ವೈಸರ್ ಮರ್ಯಾದೆಯಿಂದಲೇ ಮಾತನಾಡಿದರು. ಟ್ಯಾಬ್ಲೆಟ್ ಹಿಡಿದ ಹುಡುಗನೊಬ್ಬ ಬಂದು ಸ್ಕ್ಯಾನರ್ ಸಿಕ್ಕಿಸಿ ಐದು ನಿಮಿಷದಲ್ಲಿ ದೀಪ ಆರಿಸಿದ. "ಸರಿಹೋಯ್ತು ಮೇಡಂ, ಸೆನ್ಸರ್ ಎರರ್ ಇತ್ತು, ಕ್ಲಿಯರ್ ಮಾಡಿದ್ದೀವಿ" ಎಂದರು. ಯಾವ ಎರರ್, ಏಕೆ ಬಂತು ಎಂದು ಕೇಳಿದ್ದಕ್ಕೆ "ಸರ್ವೀಸ್ ಆದ ಮೇಲೆ ಒಂದೊಂದು ಸಲ ಹಾಗೆ ಬರುತ್ತೆ" ಎಂಬ ಉತ್ತರ ಸಿಕ್ಕಿತು. ಬಾನೆಟ್ ತೆರೆಯಲಿಲ್ಲ. ಜಾಬ್ ಕಾರ್ಡ್ ಮಾಡಲಿಲ್ಲ. ಕೋಡಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಾದರೂ ಬರೆದುಕೊಡಿ ಎಂದು ಆಗಲೇ ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ದೀಪ ಮತ್ತೆ ಬಂತು. ಹೀಗೆ ಎರಡು ಮೂರು ದಿನ ಬಿಟ್ಟು ಬರುವುದರ ಕಾರಣವನ್ನು ಆಮೇಲೆ ತಿಳಿದುಕೊಂಡೆ, ಅದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಬಹುತೇಕ ದೋಷಗಳನ್ನು ಮೊದಲ ಸಲ ಕಂಡಾಗ ದೀಪ ಹಚ್ಚುವುದಿಲ್ಲ. ಅದನ್ನು ತಾತ್ಕಾಲಿಕ ಕೋಡ್ ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ದೋಷ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ಜೊತೆಗೆ, ಗಾಳಿ ಮತ್ತು ಪೆಟ್ರೋಲಿನ ಅಳತೆಯಲ್ಲಿ ಬಂದ ಏರುಪೇರನ್ನು ಅದು ತನ್ನ ಮಿತಿಯೊಳಗೆ ಸರಿದೂಗಿಸಿಕೊಳ್ಳುತ್ತ ಹೋಗಿ, ಆ ಮಿತಿ ಮೀರಿದಾಗಲಷ್ಟೇ ದೂರು ಹೇಳುತ್ತದೆ. ಹಾಗಾಗಿ ಗುರುವಾರ ಸಂಜೆ ಮಾಡಿದ ತಪ್ಪು ಶನಿವಾರ ಬೆಳಿಗ್ಗೆ ಕಾಣಿಸಿಕೊಂಡದ್ದು ಸಹಜವೇ. ಸ್ಕ್ಯಾನರಿನಿಂದ ಅಳಿಸಿದಾಗ ಹೋಗುವುದು ಈ ದಾಖಲೆ ಮಾತ್ರ. ದೋಷ ಇದ್ದಲ್ಲೇ ಇದ್ದರೆ ಕಂಪ್ಯೂಟರ್ ಮೊದಲಿನಿಂದ ಎಣಿಸಲು ಆರಂಭಿಸಿ ಒಂದೆರಡು ದಿನದಲ್ಲಿ ಅದೇ ಜಾಗಕ್ಕೆ ಬರುತ್ತದೆ. ನಿಜವಾಗಿ ದೋಷ ಸರಿಹೋಗಿದ್ದರೆ ಯಾರೂ ಅಳಿಸದಿದ್ದರೂ, ಸತತ ಮೂರು ಓಡಾಟಗಳಲ್ಲಿ ತಪ್ಪು ಕಾಣದಿದ್ದಾಗ ದೀಪ ತಾನಾಗಿಯೇ ಆರುತ್ತದೆ.

ಎರಡನೆಯ ಭೇಟಿಯಲ್ಲಿ ಅಡ್ವೈಸರ್ ಎರಡು ಮಾತು ಹೇಳಿದರು. ಮೊದಲನೆಯದು, ಈಗ ಬರುತ್ತಿರುವ, ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಹೀಗಾಗುತ್ತಿದೆ ಎಂಬುದು. ಎರಡನೆಯದು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿರಬಹುದು, ಕೂಲಿ ಸೇರಿ ₹7,400 ಆಗುತ್ತದೆ, ಬದಲಾಯಿಸಿ ನೋಡೋಣ ಎಂಬುದು. "ನೋಡೋಣ" ಎಂಬ ಆ ಮಾತು ನನಗೆ ಬಹಳ ಬೇಸರ ತರಿಸಿತು. ನೋಡುವುದಕ್ಕೆ ಬಾನೆಟ್ ತೆರೆಯಬೇಕಿತ್ತು. ಅದನ್ನು ಮಾಡದೆ ನನ್ನ ದುಡ್ಡಿನಲ್ಲಿ ಒಂದು ಭಾಗವನ್ನು ಬದಲಾಯಿಸಿ ನೋಡುವ ಮಾತು ಅದು. ಗುರುವಾರ ನೀವು ಕೈಯಿಡುವವರೆಗೆ ಐದು ವರ್ಷ ಸರಿಯಿದ್ದ ಸೆನ್ಸರ್ ಶನಿವಾರವೇ ಹೇಗೆ ಕೆಟ್ಟಿತು ಎಂದು ಕೇಳಿದೆ. ಎಲೆಕ್ಟ್ರಾನಿಕ್ ಭಾಗ, ಹೇಳಲು ಬರುವುದಿಲ್ಲ ಎಂದರು. ಯೋಚಿಸಿ ತಿಳಿಸುತ್ತೇನೆ ಎಂದು ಗಾಡಿ ವಾಪಸ್ ತಂದು, ಆ ಸಂಜೆಯೇ ಎಸ್.ಪಿ. ರಸ್ತೆಗೆ ಹೋದೆ.

ಈಗ ಉಪಕರಣದ ವಿಷಯ. ಇವುಗಳನ್ನೆಲ್ಲ ಅಂಗಡಿಯವರು ಇಎಲ್‌ಎಂ327 ಎಂದು ಕರೆಯುತ್ತಾರೆ. ಅದು ಮೂಲತಃ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ಮಾಡಿದ ಒಂದು ಚಿಪ್ಪಿನ ಹೆಸರು. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷಣೆ ಇಲ್ಲದ್ದರಿಂದ ಬೇರೆಯವರು ಅದನ್ನು ಹಾಗೆಯೇ ಎತ್ತಿಕೊಂಡು ಸಾವಿರಗಟ್ಟಲೆ ತದ್ರೂಪುಗಳನ್ನು ಮಾಡಿದರು. ಇಂದು ಸಾವಿರ ರೂಪಾಯಿಯೊಳಗೆ ಸಿಗುವುದೆಲ್ಲ ಈ ನಕಲುಗಳೇ ಎಂದುಕೊಂಡು ಕೊಳ್ಳುವುದು ಒಳ್ಳೆಯದು. ಡಬ್ಬಿಯ ಮೇಲೆ 1.5 ಅಥವಾ 2.1 ಎಂಬ ಆವೃತ್ತಿಯ ಸಂಖ್ಯೆ ಇರುತ್ತದೆ. ಎಲ್ಮ್ ಸಂಸ್ಥೆ 1.5 ಎಂಬ ಆವೃತ್ತಿಯನ್ನು ಮಾಡಿಯೇ ಇರಲಿಲ್ಲ. ಆದರೂ ವಿಚಿತ್ರವೆಂದರೆ, ನಕಲುಗಳ ಪೈಕಿ 1.5 ಎಂದು ಬರೆದಿರುವುದೇ ಸಾಮಾನ್ಯವಾಗಿ ಹೆಚ್ಚು ಆದೇಶಗಳಿಗೆ ಉತ್ತರಿಸುತ್ತದೆ, 2.1 ಎಂದಿರುವ ಹಲವು ಅರ್ಧಂಬರ್ಧ ಕೆಲಸ ಮಾಡುತ್ತವೆ. ನಾನು 1.5 ಕೇಳಿ ತೆಗೆದುಕೊಂಡೆ, ಹೊಂದದಿದ್ದರೆ ಬದಲಾಯಿಸಿಕೊಡುತ್ತೇನೆಂಬ ಅಂಗಡಿಯವರ ಮಾತನ್ನು ಬಿಲ್ಲಿನ ಹಿಂದೆ ಬರೆಸಿಕೊಂಡೆ. ಐಫೋನ್ ಇರುವವರು ಒಂದು ಎಚ್ಚರಿಕೆ ವಹಿಸಬೇಕು: ಹಳೆಯ ಬಗೆಯ ಬ್ಲೂಟೂತಿನ ಈ ಅಗ್ಗದ ಸ್ಕ್ಯಾನರುಗಳು ಐಫೋನಿಗೆ ಹೊಂದುವುದಿಲ್ಲ, ವೈಫೈ ಇರುವುದನ್ನೋ ಬ್ಲೂಟೂತ್ ಎಲ್‌ಇ ಎಂದಿರುವುದನ್ನೋ ಕೇಳಿ ಕೊಳ್ಳಬೇಕು.

ಸಾಕೆಟ್ ಹುಡುಕುವುದು ಕಷ್ಟವಲ್ಲ. ಚಾಲಕರ ಮೊಣಕಾಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಎರಡು ಸಾಲಿನಲ್ಲಿ 16 ಪಿನ್ನಿನ ಅಗಲ ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಈ ವ್ಯವಸ್ಥೆ ನಮ್ಮಲ್ಲೂ ಹೊಗೆ ನಿಯಮಗಳ ಜೊತೆಯಲ್ಲೇ ಬಂದಿದ್ದು, 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್6 ನಿಯಮದ ಪೆಟ್ರೋಲ್, ಡೀಸೆಲ್ ಕಾರುಗಳಲ್ಲೆಲ್ಲ ಇದು ಇದ್ದೇ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನ ಬ್ಲೂಟೂತಿನಲ್ಲಿ ಅದನ್ನು ಹುಡುಕಿ 1234 ಎಂದು ಕೊಟ್ಟೆ, ಕೂಡಿಕೊಂಡಿತು. ಉಚಿತವಾಗಿ ಸಿಗುವ ಆ್ಯಪ್ ಒಂದನ್ನು ಹಾಕಿಕೊಂಡೆ. ಮೊದಲ ದಿನ ಎರಡು ಸಲ ಸಂಪರ್ಕ ಕಡಿಯಿತು. ಅದೊಂದು ಕೊರತೆ ಈಗಲೂ ಇದೆ.

ಅಗ್ಗದ ವಸ್ತು ನಿಜ ಹೇಳುತ್ತಿದೆಯೇ ಎಂದು ತಿಳಿಯಲು ನಾನು ಕಂಡುಕೊಂಡ ಒಂದು ಪರೀಕ್ಷೆಯನ್ನು ಬೆಂಗಳೂರಿನವರು ಯಾರು ಬೇಕಾದರೂ ಮಾಡಿ ನೋಡಬಹುದು. ಆ್ಯಪ್‌ನಲ್ಲಿ ಹೊರಗಿನ ಗಾಳಿಯ ಒತ್ತಡವನ್ನು ತೋರಿಸುವ ಸಾಲಿರುತ್ತದೆ. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ 91ರ ಆಸುಪಾಸಿನಲ್ಲಿರಬೇಕು. ನನ್ನ ಫೋನಿನಲ್ಲಿ 91 ಎಂದೇ ಕಂಡಿತು. ರಾತ್ರಿ ಇಡೀ ನಿಂತಿದ್ದ ಗಾಡಿಯಲ್ಲಿ ಬೆಳಿಗ್ಗೆ ಕೂಲಂಟಿನ, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವದ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇದ್ದವು. ಆಮೇಲೆ ನನಗೆ ಅದು ತೋರಿಸಿದ ಉಳಿದ ಅಂಕಿಗಳ ಮೇಲೆ ನಂಬಿಕೆ ಬಂತು.

ಕೋಡ್ ಪಿ0171 ಎಂದು ಬಂತು. ಮೊದಲ ಅಕ್ಷರ ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ವಿಭಾಗ. ಅದರ ಮುಂದಿನ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಅರ್ಥ ಒಂದೇ ಇರುವ ಕೋಡ್. ಪಿ0171ರ ಅರ್ಥ, ಎಂಜಿನ್ನಿನಲ್ಲಿ ಉರಿಯುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲದು ಎಂಬುದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಸುದ್ದಿಯನ್ನು ಕೊಡುವುದೇ ಆಕ್ಸಿಜನ್ ಸೆನ್ಸರ್. ಆ ಸೆನ್ಸರೇ ಕೆಟ್ಟಿದ್ದರೆ ಸಾಮಾನ್ಯವಾಗಿ ಪಿ0130ರಿಂದ ಪಿ0141ರವರೆಗಿನ ಕೋಡುಗಳು ಬರುತ್ತವೆ. ನನ್ನ ಗಾಡಿಯಲ್ಲಿ ಅವು ಯಾವುವೂ ಇರಲಿಲ್ಲ. ಸೆನ್ಸರ್ ತನ್ನ ಕೆಲಸವನ್ನು ನೆಟ್ಟಗೆ ಮಾಡಿತ್ತು, ಆ ಕಾರಣಕ್ಕೇ ಅದನ್ನು ₹7,400ಕ್ಕೆ ಬದಲಾಯಿಸಲು ನನಗೆ ಹೇಳಲಾಗಿತ್ತು.

ದೋಷ ದಾಖಲಾದ ಕ್ಷಣದ ಅಂಕಿಗಳನ್ನು ಕಂಪ್ಯೂಟರ್ ಕೋಡಿನ ಜೊತೆಗೇ ಹಿಡಿದಿಡುತ್ತದೆ. ಅದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ನನ್ನದರಲ್ಲಿ ವೇಗ 0, ಎಂಜಿನ್ 760 ಆರ್‌ಪಿಎಂ, ಕೂಲಂಟ್ 91 ಡಿಗ್ರಿ ಎಂದಿತ್ತು. ಅಂದರೆ ಬಿಸಿಯಾದ ಎಂಜಿನ್ ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತು ತಿರುಗುತ್ತಿದ್ದಾಗ ದೂರು ಬಂದಿತ್ತು. ಟೋಲಿನ ಸಾಲಿನಲ್ಲೂ ಹಾಗೆಯೇ ಆಗಿತ್ತು. ಸೋಮವಾರ ಸರ್ವೀಸ್ ಸೆಂಟರಿನಲ್ಲಿ ಅಳಿಸಿದ್ದು ದೀಪವನ್ನಷ್ಟೇ ಅಲ್ಲ, ಈ ಸಾಕ್ಷ್ಯವನ್ನೂ.

ಇನ್ನು ನನಗೆ ಈ ಉಪಕರಣ ಕೊಟ್ಟ ಅತಿ ಬೆಲೆಬಾಳುವ ಅಂಕಿ ಫ್ಯುಯೆಲ್ ಟ್ರಿಮ್. ಲೆಕ್ಕದ ಪ್ರಕಾರ ಕೊಡಬೇಕಾದದ್ದಕ್ಕಿಂತ ಎಷ್ಟು ಪೆಟ್ರೋಲನ್ನು ಕಂಪ್ಯೂಟರ್ ಹೆಚ್ಚಾಗಿ ಅಥವಾ ಕಡಿಮೆಯಾಗಿ ಕೊಡುತ್ತಿದೆ ಎಂಬುದನ್ನು ಅದು ಶೇಕಡಾದಲ್ಲಿ ಹೇಳುತ್ತದೆ. ಆ ಕ್ಷಣದ ತಿದ್ದುಪಡಿ ಒಂದು, ಕಲಿತು ನೆನಪಿಟ್ಟುಕೊಂಡ ತಿದ್ದುಪಡಿ ಇನ್ನೊಂದು. ಎರಡನ್ನೂ ಕೂಡಿಸಿ ನೋಡಬೇಕು. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಈ ಮೊತ್ತ ಸೊನ್ನೆಯ ಹತ್ತಿರ, ಹೆಚ್ಚೆಂದರೆ ಹತ್ತರ ಒಳಗೆ ಇರುತ್ತದೆ. ನನ್ನ ಗಾಡಿ ನಿಂತು ತಿರುಗುತ್ತಿದ್ದಾಗ ಅದು ಶೇ. 28 ಇತ್ತು. ಪಾರ್ಕಿಂಗಿನಲ್ಲೇ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ಏರಿಸಿ ಹಿಡಿದಾಗ ಶೇ. 9ಕ್ಕೆ ಇಳಿಯಿತು, ಕಾಲು ತೆಗೆದರೆ ಮತ್ತೆ 28.

ಇ20 ವಾದ ಇಲ್ಲಿಯೇ ಬಿದ್ದುಹೋಯಿತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಇಂಧನ ಸಮಾವೇಶದಲ್ಲಿ ಪ್ರಧಾನಿಗಳು ಬಿಡುಗಡೆ ಮಾಡಿದ ಈ ಪೆಟ್ರೋಲಿನ ಬಗ್ಗೆ ಜನರಿಗೆ ಅನುಮಾನಗಳಿರುವುದು ನಿಜ, ಮತ್ತು ಅದು ಫ್ಯುಯೆಲ್ ಟ್ರಿಮ್ ಏರಿಸುವುದೂ ನಿಜ. ಶುದ್ಧ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಶೇ. 20 ಎಥೆನಾಲ್ ಬೆರೆತಾಗ ಸುಮಾರು 13.5 ಕಿಲೋ ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಆದರೆ ಈ ವ್ಯತ್ಯಾಸ ಶೇ. 8-9ರಷ್ಟು ಮಾತ್ರ, ಮತ್ತು ಅದು ನಿಂತಾಗಲೂ ಓಡುವಾಗಲೂ ಒಂದೇ ಸಮನಾಗಿರಬೇಕು. ಆಕ್ಸಿಲರೇಟರ್ ಒತ್ತಿದ ಮಾತ್ರಕ್ಕೆ ಟ್ಯಾಂಕಿನಲ್ಲಿರುವ ಎಥೆನಾಲ್ ಕಡಿಮೆಯಾಗುವುದಿಲ್ಲ. ನಿಂತಾಗ ಮಾತ್ರ ಹೆಚ್ಚಾಗಿ, ವೇಗ ಏರಿಸಿದಾಗ ಇಳಿಯುವುದು ಥ್ರಾಟಲಿನಿಂದ ಆಚೆಗೆ ಎಲ್ಲೋ ಒಂದು ಸಣ್ಣ ಸಂದಿನಿಂದ ಗಾಳಿ ಸೋರಿ ಒಳಗೆ ಹೋಗುತ್ತಿರುವುದರ ಲಕ್ಷಣ. ಎಂಜಿನ್ ನಿಧಾನವಾಗಿ ತಿರುಗುವಾಗ ಅಲ್ಲಿ ಹೀರುವ ಬಲ ಹೆಚ್ಚು, ಒಟ್ಟು ಗಾಳಿ ಕಡಿಮೆ. ಹಾಗಾಗಿ ಅಳತೆ ಯಂತ್ರದ ಕಣ್ಣು ತಪ್ಪಿಸಿ ಬಂದ ಸ್ವಲ್ಪ ಗಾಳಿಯೂ ದೊಡ್ಡದಾಗಿ ಕಾಣುತ್ತದೆ. ಗುರುವಾರ ಬಿಚ್ಚಿ ತೊಳೆದದ್ದು ಅದೇ ಥ್ರಾಟಲ್ ಬಾಡಿಯನ್ನು.

ಸೋರಿಕೆ ಇದೆ ಎಂದು ಸ್ಕ್ಯಾನರ್ ಹೇಳಿತು, ಎಲ್ಲಿದೆ ಎಂದು ಹೇಳಲಿಲ್ಲ. ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಅದಕ್ಕಾಗಿ ಮರುದಿನ ತ್ಯಾಗರಾಜನಗರದ ಅಡ್ಡರಸ್ತೆಯೊಂದರಲ್ಲಿರುವ ಸಣ್ಣ ಗ್ಯಾರೇಜಿಗೆ ಹೋದೆ. ಅವರ ಹೆಸರನ್ನೂ ಬರೆಯುತ್ತಿಲ್ಲ. ಇರುವುದು ಎರಡು ಗಾಡಿ ನಿಲ್ಲುವಷ್ಟು ಜಾಗ, ಕೈಕೆಳಗೆ ಒಬ್ಬ ಹುಡುಗ, ಹೆಚ್ಚು ಗಾಡಿ ಬಂದರೆ ಒಪ್ಪಿಕೊಂಡ ಕೆಲಸ ಕೆಡುತ್ತದೆ ಎಂದು ಅವರೇ ಬೇಡವೆಂದರು. ಅರವತ್ತರ ಹತ್ತಿರದ ಆ ಯಜಮಾನರಿಗೆ ಫೋನಿನಲ್ಲಿದ್ದ ಅಂಕಿ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸರ್ವೀಸಲ್ಲಿ ಏನೇನು ಬಿಚ್ಚಿದ್ರು ಅಮ್ಮ?" ಬಿಲ್ಲು ತೋರಿಸಿದೆ. ಎಂಜಿನ್ ಚಾಲೂ ಇಡಲು ಹೇಳಿ, ಒಂದು ಮೊಳ ಉದ್ದದ ಹಳೆಯ ರಬ್ಬರ್ ಪೈಪು ತಂದು, ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಥ್ರಾಟಲ್ ಬಾಡಿಯ ಸುತ್ತ, ಒಂದೊಂದು ಜೋಡಣೆಯ ಹತ್ತಿರವೂ ನಿಧಾನವಾಗಿ ಆಡಿಸಿದರು. ಫ್ಯಾನಿಗೂ ಬೆಲ್ಟಿಗೂ ತಾಗದಂತೆ ಮೊಣಕೈಯನ್ನು ಎತ್ತಿ ಹಿಡಿದಿದ್ದರು. ನಾಲ್ಕೈದು ನಿಮಿಷವಾದ ಮೇಲೆ ಒಂದೆಡೆ ನಿಲ್ಲಿಸಿ, ನನ್ನ ಕೈಗೆ ಪೈಪು ಕೊಟ್ಟರು. ಕಿವಿಗಿಟ್ಟುಕೊಂಡರೆ ಕುಕ್ಕರಿನ ವಿಷಲ್ ಬರುವ ಮುಂಚಿನ ಸುಯ್ಯೆಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಅದು ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ತರುವ, ಬೆರಳಿಗಿಂತ ಸಣ್ಣನೆಯ ಕರಿ ಪೈಪು. ಥ್ರಾಟಲ್ ಬಾಡಿ ಬಿಚ್ಚಲು ಅದನ್ನು ಕಳಚಿ, ವಾಪಸ್ ಹಾಕುವಾಗ ಅರ್ಧಕ್ಕೆ ಮಾತ್ರ ತೂರಿಸಿದ್ದರು. "ಇಲ್ಲಿ ನೋಡಿಮ್ಮ" ಎಂದು ಅವರು ಟಾರ್ಚ್ ಹಿಡಿದು ತೋರಿಸಿದ್ದನ್ನು ನಾನು ಮರೆಯುವುದಿಲ್ಲ. ಐದು ವರ್ಷ ಒಂದೇ ಜಾಗದಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ರಬ್ಬರಿನ ಮೇಲೆ ಉಂಗುರದಂತೆ ಒಂದು ಹಳ್ಳವನ್ನು ಮೂಡಿಸಿತ್ತು. ಆ ಹಳ್ಳ ಖಾಲಿಯಾಗಿ ಧೂಳಿಲ್ಲದೆ ಹೊಳೆಯುತ್ತಿತ್ತು, ಕ್ಲಿಪ್ಪು ಅದರಿಂದ ಒಂದು ಬೆರಳಷ್ಟು ಹಿಂದೆ ಸುಮ್ಮನೆ ಕೂತಿತ್ತು. ಎಂಜಿನ್ ನಿಲ್ಲಿಸಿ, ಪೈಪನ್ನು ಬುಡದವರೆಗೆ ಒತ್ತಿ, ಕ್ಲಿಪ್ಪನ್ನು ಇಕ್ಕಳದಿಂದ ಹಳೆಯ ಗುರುತಿನ ಮೇಲೆಯೇ ಕೂರಿಸಿದರು. ಮತ್ತೆ ಚಾಲೂ ಮಾಡಿದಾಗ ಫೋನಿನಲ್ಲಿ ಕ್ಷಣದ ತಿದ್ದುಪಡಿ ಒಮ್ಮೆಲೇ ಸೊನ್ನೆಯಿಂದ ಕೆಳಗೆ, ಶೇ. 20ರಷ್ಟು ಕಡಿತಕ್ಕೆ ಇಳಿಯಿತು. ನಾನು ಗಾಬರಿಯಾದೆ. ಕಂಪ್ಯೂಟರ್ ವಾರದಿಂದ ಹೆಚ್ಚಿಗೆ ಕೊಟ್ಟು ರೂಢಿ ಮಾಡಿಕೊಂಡಿದೆ, ಈಗ ಅದನ್ನು ಕಳೆಯುತ್ತಿದೆ, ಓಡಿಸುತ್ತ ಹೋದರೆ ತಾನೇ ಸರಿಹೋಗುತ್ತದೆ ಎಂದು ಅವರು ಸಮಾಧಾನ ಹೇಳಿದರು. ಹಾಗೆಯೇ ಆಯಿತು, ವಾರದ ಹೊತ್ತಿಗೆ ಎರಡೂ ಸೇರಿ ಶೇ. 3ಕ್ಕೆ ನಿಂತಿತು. ನಾನು ದೀಪವನ್ನು ಅಳಿಸಲಿಲ್ಲ, ಮೂರು ದಿನದ ಓಡಾಟದ ನಂತರ ಅದೇ ಆರಿತು. ಅವರು ತೆಗೆದುಕೊಂಡದ್ದು ₹300.

ಸರ್ವೀಸ್ ಸೆಂಟರಿಗೆ ಮತ್ತೆ ಹೋದದ್ದು ಜಗಳಕ್ಕಲ್ಲ. ಕ್ಲಿಪ್ಪಿನ ಫೋಟೊ, ಸರಿಪಡಿಸುವ ಮೊದಲು ಮತ್ತು ನಂತರದ ಅಂಕಿಗಳ ಸ್ಕ್ರೀನ್‌ಶಾಟ್, ಎರಡು ಭೇಟಿಗಳ ದಿನಾಂಕ ಎಲ್ಲವನ್ನೂ ಇಮೇಲಿನಲ್ಲಿ ಮ್ಯಾನೇಜರಿಗೆ ಕಳಿಸಿ, ಆಮೇಲೆ ಹೋದೆ. ಮಾಡಿದ ಕೆಲಸದ ಕೊರತೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆಯೇ ಆಗುತ್ತದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು ಎಂಬುದು ಗೊತ್ತಿತ್ತು; ಆದರೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಮ್ಯಾನೇಜರ್ ತಪ್ಪು ಒಪ್ಪಿಕೊಂಡು, ಥ್ರಾಟಲ್ ಬಾಡಿ ಕ್ಲೀನಿಂಗಿಗೆ ಹಾಕಿದ್ದ ₹1,180 ಹಿಂದಿರುಗಿಸಿದರು. ನನಗೆ ಅದಕ್ಕಿಂತ ಮುಖ್ಯವಾಗಿದ್ದದ್ದು, ಪೈಪು ಸಡಿಲವಾಗಿತ್ತೆಂದು ಅವರ ದಾಖಲೆಯಲ್ಲಿ ಬರೆಸುವುದು. ಬರೆದು, ಪ್ರತಿ ಕೊಟ್ಟರು.

ಉಪಕರಣದ ಮಿತಿಗಳನ್ನು ಹೇಳದೆ ಬಿಟ್ಟರೆ ಈ ವಿಮರ್ಶೆ ಯಾರನ್ನಾದರೂ ದಾರಿ ತಪ್ಪಿಸೀತು. ಈ ಬೆಲೆಯ ಸ್ಕ್ಯಾನರ್ ಎಂಜಿನ್ನಿಗೆ ಸಂಬಂಧಪಟ್ಟ ದೀಪವನ್ನಷ್ಟೇ ಓದುತ್ತದೆ ಎಂದುಕೊಳ್ಳಿ. ಬ್ರೇಕ್ ಕೆಲಸವಾದ ಮೇಲೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಬಂದರೆ ಚಕ್ರದ ಬಳಿಯಿರುವ ವೇಗದ ಸೆನ್ಸರಿನ ವೈರನ್ನು ನೋಡಿಸಬೇಕು. ಒಳಾಂಗಣ ಕ್ಲೀನಿಂಗ್ ಆದ ಮೇಲೆ ಏರ್‌ಬ್ಯಾಗ್ ದೀಪ ಬಂದರೆ ಮುಂದಿನ ಸೀಟಿನ ಅಡಿಯ ಕನೆಕ್ಟರ್ ಸಡಿಲವಾಗಿರುವುದು ಹಲವು ಸಲ ಕಾರಣವಾಗಿರುತ್ತದೆ, ಆದರೆ ಅದನ್ನು ಮಾತ್ರ ಸ್ವತಃ ಮುಟ್ಟಬಾರದು, ಏರ್‌ಬ್ಯಾಗಿನ ವೈರು ಹುಡುಗಾಟದ ವಸ್ತುವಲ್ಲ. ಇವೆರಡಕ್ಕೂ ಆಯಾ ಕಂಪನಿಯ ಸ್ಕ್ಯಾನರೋ ದುಬಾರಿಯದ್ದೋ ಬೇಕು. ಟಯರ್ ಅದಲುಬದಲು ಮಾಡಿದ ಮೇಲೆ ಬರುವ ಗಾಳಿಯ ದೀಪ, ಸರ್ವೀಸ್ ದಿನಾಂಕ ನೆನಪಿಸುವ ಸ್ಪಾನರ್ ಗುರುತು ಇವು ದೋಷಗಳೇ ಅಲ್ಲದಿರಬಹುದು. ರಿಸೆಟ್ ಮಾಡಲು ಮರೆತಿರುತ್ತಾರೆ, ಕಾರಿನ ಪುಸ್ತಕ ತೆರೆದು ನೋಡಿದರೆ ಮುಗಿಯಿತು. ವಿದ್ಯುತ್ ಕಾರುಗಳಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ಬ್ಯಾಟರಿಯ ವಿಷಯವೂ ಇದೆ. ಸಾಕೆಟ್ಟಿನ 16ನೆಯ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿಯ ಕರೆಂಟು ಇರುವುದರಿಂದ ಸ್ಕ್ಯಾನರ್ ಸದಾ ಚಾಲೂ ಇರುತ್ತದೆ. ಒಮ್ಮೆ ನಾನು ಅದನ್ನು ಹಾಗೆಯೇ ಬಿಟ್ಟು ಹತ್ತು ದಿನ ಊರಿಗೆ ಹೋಗಿದ್ದೆ, ಬಂದಾಗ ಗಾಡಿ ಸ್ಟಾರ್ಟ್ ಆಗಲು ಒದ್ದಾಡಿತು. ಓದಿದ ಕೂಡಲೇ ಕಿತ್ತು ಗ್ಲೋವ್ ಬಾಕ್ಸಿನಲ್ಲಿ ಇಡುವುದು ಒಳ್ಳೆಯದು.

ನನ್ನ ನಿಜವಾದ ಆಕ್ಷೇಪ ಆ್ಯಪ್‌ನಲ್ಲಿ ದೊಡ್ಡದಾಗಿ, ಕೆಂಪು ಬಣ್ಣದಲ್ಲಿ ಕಾಣುವ "ಅಳಿಸಿ" ಎಂಬ ಗುಂಡಿಯ ಬಗ್ಗೆ. ಅದನ್ನು ಒತ್ತಿದರೆ ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಹೋಗುತ್ತದೆ, ಕಲಿತ ಫ್ಯುಯೆಲ್ ಟ್ರಿಮ್ ಹಲವು ಗಾಡಿಗಳಲ್ಲಿ ಸೊನ್ನೆಯಾಗುತ್ತದೆ, ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಆರಂಭಿಸಬೇಕಾಗುತ್ತದೆ. ಮರುದಿನ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ಕಿಗೆ ನೋಡಲು ಏನೂ ಉಳಿದಿರುವುದಿಲ್ಲ. ಮನೆಯಲ್ಲಿ ಇದನ್ನು ಇಟ್ಟುಕೊಳ್ಳುವವರು ಮೊದಲು ಸ್ಕ್ರೀನ್‌ಶಾಟ್ ತೆಗೆಯಲಿ, ಆ ಗುಂಡಿಯನ್ನು ಮುಟ್ಟದಿರಲಿ. ಸರ್ವೀಸ್ ಸೆಂಟರಿನಲ್ಲೂ ಅಳಿಸುವ ಮೊದಲು ಕೋಡನ್ನು ಜಾಬ್ ಕಾರ್ಡಿನಲ್ಲಿ ಬರೆಯಲು ಹೇಳಲಿ.

ಕಂಪನಿಯ ವಾರಂಟಿಯಲ್ಲಿರುವ ಹೊಸ ಗಾಡಿಯವರಿಗೆ ಇದರ ತುರ್ತು ಇಲ್ಲ. ನಾಲ್ಕೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಇರುವವರಿಗೆ, ಅದರಲ್ಲೂ ಸರ್ವೀಸ್ ಆದ ಮೇಲೆ ದೀಪ ಕಂಡವರಿಗೆ, ₹850 ಹೆಚ್ಚಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಸಂಪರ್ಕ ಕಡಿಯುವುದು, ಪ್ಲಾಸ್ಟಿಕ್ ತೆಳುವಾಗಿರುವುದು, ಸೂಚನಾ ಪತ್ರಿಕೆಯೇ ಇಲ್ಲದಿರುವುದು ಇವುಗಳಿಗೆ ಅಂಕ ಕಳೆದು ಐದಕ್ಕೆ ನಾಲ್ಕು ಕೊಡುತ್ತೇನೆ.

ಕಳೆದ ವಾರ ಈ ವರ್ಷದ ಸರ್ವೀಸನ್ನು ಅದೇ ಸೆಂಟರಿನಲ್ಲಿ ಮಾಡಿಸಿದೆ. ಥ್ರಾಟಲ್ ಬಾಡಿ ಕ್ಲೀನಿಂಗ್ ಬೇಡವೆಂದೆ. ಬಿಡುವ ಮುಂಚೆ ಅವರೆದುರಿಗೇ ಫ್ಯುಯೆಲ್ ಟ್ರಿಮ್ ಓದಿ ಜಾಬ್ ಕಾರ್ಡಿನ ಅಂಚಿನಲ್ಲಿ ಶೇ. 4 ಎಂದು ಬರೆದೆ. ಸಂಜೆ ಗಾಡಿ ತೆಗೆದುಕೊಳ್ಳುವಾಗ ಟ್ಯಾಬ್ಲೆಟ್ ಹಿಡಿದಿದ್ದ ಅದೇ ಹುಡುಗ ತಾನಾಗಿ ಬಾನೆಟ್ ತೆಗೆದು, ಪೈಪುಗಳ ಮೇಲೆ ಒಂದೊಂದಾಗಿ ಕೈಯಾಡಿಸಿ, "ಈಗ ನೋಡಿ ಮೇಡಂ" ಎಂದ. ಶೇ. 3 ಇತ್ತು.